1 ಟಿಬಿ ಡಿಸ್ಕ್ ಇಮೇಜಿನ ಚೆಕ್‌ಸಮ್‌ಗೆ ಎಂಟು ಗಂಟೆ ಹಿಡಿಯುತ್ತಿದೆ, ಬೇರೆ ದಾರಿ ಇದೆಯಾ?

ಚೆಂಡೆಪೆಟ್ಟು

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ ಪುತ್ತೂರಿನ ಸುತ್ತಮುತ್ತ ವರ್ಷಗಟ್ಟಲೆ ಯಕ್ಷಗಾನ ಬಯಲಾಟಗಳನ್ನು ರೆಕಾರ್ಡ್ ಮಾಡಿದವರು. ಮಿನಿ ಡಿವಿ ಟೇಪಿನಲ್ಲಿ ಹಿಡಿದು ಆಮೇಲೆ ಕಂಪ್ಯೂಟರಿಗೆ ಇಳಿಸಿಡುತ್ತಿದ್ದರು. ಆ ಟೇಪಿನ ಒಂದು ಗಂಟೆಗೆ ಸುಮಾರು 13 ಜಿಬಿ ಬೇಕು. ರಾತ್ರಿಯಿಡೀ ನಡೆಯುವ ಆಟ ಅಂದರೆ ಒಂದಕ್ಕೇ 100 ಜಿಬಿ ಆಗುತ್ತದೆ. ಕಳೆದ ವರ್ಷ ಮಾವ ತೀರಿಕೊಂಡರು. ಅತ್ತೆ ಏಳು ಹಾರ್ಡ್ ಡಿಸ್ಕ್‌ಗಳನ್ನು ಒಂದು ಬಿಸ್ಕೆಟ್ ಡಬ್ಬಿಯಲ್ಲಿ ಹಾಕಿ ನನಗೆ ಕೊಟ್ಟಿದ್ದಾರೆ. ಎರಡು 1 ಟಿಬಿ, ನಾಲ್ಕು 500 ಜಿಬಿ, ಒಂದು 250 ಜಿಬಿ. ಎಲ್ಲ ಸೇರಿ 4.25 ಟಿಬಿ.

ಫೈಲ್ ಫೈಲ್ ಕಾಪಿ ಮಾಡುವ ಬದಲು ಇಡೀ ಡಿಸ್ಕಿನ ಇಮೇಜ್, ಅಂದರೆ ಡಿಸ್ಕಿನ ಪ್ರತಿ ಬೈಟನ್ನೂ ಹಾಗೇ ಇಳಿಸಿದ ಒಂದೇ ಫೈಲ್, ತೆಗೆಯುತ್ತಿದ್ದೇನೆ. ಮಾವ ಜಾಗ ಸಾಲದೆ ಅಳಿಸಿದ ಫೈಲ್‌ಗಳೂ ಅದರೊಳಗೆ ಇರಬಹುದು, ಮುಂದೆ ಯಾವತ್ತಾದರೂ ತೆಗೆಯಬಹುದು ಅಂತ. ಇದಕ್ಕೂ ಮೊದಲು ಒಂದು ಅಂಗಡಿಗೆ ಕೊಟ್ಟು ಒಂದು ಡಿಸ್ಕ್ ಕಾಪಿ ಮಾಡಿಸಿದ್ದೆ. ಎರಡು ಆಟ ಅರ್ಧದಲ್ಲಿ ಚೌಕ ಚೌಕವಾಗಿ ಒಡೆದು ಹೋಗಿದ್ದವು. ಹಾಕಿ ನೋಡುವ ತನಕ ಯಾರಿಗೂ ಗೊತ್ತಾಗಿರಲಿಲ್ಲ. ಹಾಗಾಗಿ ಈ ಸಲ ಚೆಕ್‌ಸಮ್ (ಡಾಟಾದಿಂದ ಲೆಕ್ಕ ಹಾಕಿ ತೆಗೆಯುವ ಗುರುತು ಸಂಖ್ಯೆ, ಹ್ಯಾಶ್ ಅಂತಲೂ ಹೇಳುತ್ತಾರೆ; ಮೂಲದ್ದೂ ಕಾಪಿಯದ್ದೂ ಒಂದೇ ಬಂದರೆ ಕಾಪಿ ಸರಿ ಇದೆ ಅಂತ) ಇಲ್ಲದೆ ಒಂದು ಹೆಜ್ಜೆಯೂ ಇಡುವುದಿಲ್ಲ.

ಕಷ್ಟ ಏನೆಂದರೆ 1 ಟಿಬಿ ಇಮೇಜಿಗೆ ಶಾ-256 ಎಂಬ ವಿಧಾನದ ಹ್ಯಾಶ್ ಹಾಕಿದರೆ ಎಂಟು ಗಂಟೆ ಬೇಕಾಗುತ್ತದೆ. ಎರಡು ಸಲ ಮಧ್ಯದಲ್ಲಿ ಕರೆಂಟ್ ಹೋಗಿ ಮೊದಲಿನಿಂದ ಶುರು ಮಾಡಿದೆ. ಎಂಡಿ5 ಎಂಬ ಹಳೆ ವಿಧಾನ ಹಾಕಿದರೆ ಬೇಗ ಆಗುತ್ತದಾ? ನಾಲ್ಕೈದು ಇಮೇಜಿಗೆ ಒಟ್ಟಿಗೇ ಓಡಿಸಬಹುದಾ?

ಹಳೇಡಿಸ್ಕ್

ಮೊದಲು ಒಂದು ಭಾಗಾಕಾರ ಮಾಡೋಣ. 1 ಟಿಬಿ ಅಂದರೆ 10 ಲಕ್ಷ ಎಂಬಿ. ಎಂಟು ಗಂಟೆ ಅಂದರೆ 28,800 ಸೆಕೆಂಡ್. ಸೆಕೆಂಡಿಗೆ ಸುಮಾರು 35 ಎಂಬಿ ಬಂತು. ಈ ಸಂಖ್ಯೆ ನೋಡಿದ ಕೂಡಲೇ ನನಗೆ ಅನಿಸುವುದು ಒಂದೇ: ನಿಮ್ಮ ಡಿಸ್ಕ್ ಯುಎಸ್‌ಬಿ 2.0 ಪೋರ್ಟಿನಲ್ಲಿ ಇದೆ. ಅದರ ಮೇಲೆ 480 ಮೆಗಾಬಿಟ್ ಅಂತ ಬರೆದಿದ್ದರೂ ನಿಜವಾಗಿ ಸಿಗುವುದು 30ರಿಂದ 40 ಎಂಬಿ. ಶಾ-256ಗೆ ಇದರಲ್ಲಿ ಏನೂ ಪಾತ್ರ ಇಲ್ಲ.

ಪರೀಕ್ಷೆ ಸುಲಭ. ಹ್ಯಾಶ್ ಓಡುತ್ತಿರುವಾಗ ಇನ್ನೊಂದು ಕಿಟಕಿಯಲ್ಲಿ ಟಾಪ್ (ಯಾವ ಪ್ರೋಗ್ರಾಂ ಎಷ್ಟು ಸಿಪಿಯು ಬಳಸುತ್ತಿದೆ ಅಂತ ತೋರಿಸುವ ಕಮಾಂಡ್) ತೆರೆದು ನೋಡಿ. ಆ ಪ್ರೋಗ್ರಾಂ ಒಂದು ಕೋರಿನ 10-15 ಶೇಕಡಾ ಮಾತ್ರ ಬಳಸುತ್ತಿದ್ದರೆ ಸಿಪಿಯು ಸುಮ್ನೆ ಕೂತಿದೆ, ಡಾಟಾ ಬರಲಿ ಅಂತ ಕಾಯುತ್ತಿದೆ. ಆಗ ಎಂಡಿ5, ಶಾ-1, ಶಾ-512 ಯಾವುದು ಹಾಕಿದರೂ ಅದೇ ಎಂಟು ಗಂಟೆ. 100 ಶೇಕಡಾದ ಹತ್ತಿರ ಇದ್ದರೆ ಮಾತ್ರ ಅಲ್ಗಾರಿದಮ್ ಬದಲಿಸುವ ಮಾತು.

ಸಾಮಾನ್ಯ ಕಂಪ್ಯೂಟರಿನ ಒಂದು ಕೋರ್ ಯಾವ ವಿಶೇಷ ಸೌಲಭ್ಯ ಇಲ್ಲದೆಯೂ ಸೆಕೆಂಡಿಗೆ 200 ಎಂಬಿಗಿಂತ ಜಾಸ್ತಿ ಶಾ-256 ಲೆಕ್ಕ ಹಾಕುತ್ತದೆ. ನಿಮ್ಮ ಹಳೆ ಹಾರ್ಡ್ ಡಿಸ್ಕ್‌ಗಳು ಅಷ್ಟು ವೇಗದಲ್ಲಿ ಓದಿಕೊಡುವುದೇ ಇಲ್ಲ.

ಚೆಂಡೆಪೆಟ್ಟು

ನೋಡಿದೆ ಸರ್, 11 ಶೇಕಡಾ! ಹಾರ್ಡ್ ಡಿಸ್ಕ್ ಕೂರಿಸುವ ಡಾಕ್ ಅನ್ನು ಮುಂದಿನ ಕಪ್ಪು ಪೋರ್ಟಿಗೆ ಹಾಕಿದ್ದೆ. ಹಿಂದಿನ ನೀಲಿ ಯುಎಸ್‌ಬಿ 3.0 ಪೋರ್ಟಿಗೆ ಬದಲಿಸಿದ ಕೂಡಲೇ ಸೆಕೆಂಡಿಗೆ 150 ಎಂಬಿ ತೋರಿಸಿತು. ಆದರೆ ಅರ್ಧ ಆಗುವಾಗ 115ಕ್ಕೆ ಇಳಿದಿದೆ, ಈಗ ಇನ್ನೂ ಇಳಿಯುತ್ತಿದೆ. ಡಿಸ್ಕ್ ಹಾಳಾಗುತ್ತಿದೆಯಾ?

ಹಳೇಡಿಸ್ಕ್

ಹೆದರಬೇಡಿ, ಅದು ಸಹಜ. ತಟ್ಟೆ ಒಂದೇ ವೇಗದಲ್ಲಿ ತಿರುಗುತ್ತದೆ. ಹೊರಗಿನ ಸುತ್ತು ದೊಡ್ಡದು, ಅದರಲ್ಲಿ ಸೆಕ್ಟರ್ (ಡಾಟಾ ಇಡುವ ಚಿಕ್ಕ ಭಾಗ) ಜಾಸ್ತಿ. ಒಳಗಿನ ಸುತ್ತು ಚಿಕ್ಕದು. ಓದುವುದು ಹೊರಗಿನಿಂದ ಶುರುವಾಗುವ ಕಾರಣ ಕೊನೆಗೆ ಬರುವಾಗ ವೇಗ ಅರ್ಧಕ್ಕೆ ಇಳಿಯುವುದೂ ಉಂಟು. ನಿಧಾನವಾಗಿ ಇಳಿದರೆ ಏನೂ ತೊಂದರೆ ಇಲ್ಲ. ಒಮ್ಮೆಲೇ ಸೊನ್ನೆಗೆ ಬಂದು ನಿಂತು ಮತ್ತೆ ಶುರುವಾದರೆ ಮಾತ್ರ ಕೆಟ್ಟ ಸೆಕ್ಟರಿನ ಲಕ್ಷಣ. ಆಗ ಇಮೇಜ್ ತೆಗೆಯುವ ಡಿಡಿ ಕಮಾಂಡನ್ನು ನಿಲ್ಲಿಸಿ, ಕೆಟ್ಟ ಡಿಸ್ಕಿಗೆಂದೇ ಇರುವ ಡಿಡಿರೆಸ್ಕ್ಯೂ ಬಳಸಿ.

ಸರಾಸರಿ 115 ಅಂತ ಇಟ್ಟುಕೊಂಡರೆ 1 ಟಿಬಿ ಎರಡೂವರೆ ಗಂಟೆಯೊಳಗೆ ಮುಗಿಯುತ್ತದೆ.

ಟರ್ಮಿನಲ್ ತಮ್ಮ

ಅಣ್ಣ, ನಾನಾದರೆ ನಾಲ್ಕು ಟರ್ಮಿನಲ್ ತೆರೆದು ನಾಲ್ಕು ಇಮೇಜಿಗೂ ಒಟ್ಟಿಗೆ ಹಾಕಿಬಿಡುತ್ತೇನೆ. ನಾಲ್ಕು ಕೋರ್ ಇದೆಯಲ್ಲ, ಬಳಸಬೇಕು ಅಲ್ವಾ?

ಹಳೇಡಿಸ್ಕ್

ತಮ್ಮಾ, ನಾಲ್ಕೂ ಇಮೇಜ್ ಒಂದೇ ಹಾರ್ಡ್ ಡಿಸ್ಕಿನಲ್ಲಿ ಇದ್ದರೆ ದಯವಿಟ್ಟು ಹಾಗೆ ಮಾಡಬೇಡ. ಓದುವ ತಲೆ ಇರುವ ಜಾಗ ಒಂದು ಹೊತ್ತಿಗೆ ಒಂದೇ. ಇಲ್ಲಿ ಸ್ವಲ್ಪ ಓದಿ, ಅಲ್ಲಿಗೆ ಹಾರಿ, ಮತ್ತೆ ಇಲ್ಲಿಗೆ ಬಂದು, ಪ್ರತಿ ಹಾರಾಟಕ್ಕೂ ಹತ್ತು ಮಿಲಿಸೆಕೆಂಡ್ ಹತ್ತಿರ ಕಳೆದುಕೊಂಡು, ಕೊನೆಗೆ ಒಂದಾದ ಮೇಲೆ ಒಂದು ಓಡಿಸುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಹಳೆ ಡಿಸ್ಕಿಗೆ ಆಯಾಸವೂ ಹೌದು. ಬೇರೆ ಬೇರೆ ಡಿಸ್ಕ್ ಆದರೆ ಖಂಡಿತ ಒಟ್ಟಿಗೆ ಓಡಿಸಬಹುದು, ಒಂದು ಡಿಸ್ಕಿಗೆ ಒಂದು ಹ್ಯಾಶ್. ಎಸ್‌ಎಸ್‌ಡಿಗೆ ಈ ಕಷ್ಟ ಇಲ್ಲ.

ರೈನ್ ದಂಡೆ

ನಾನು ಜರ್ಮನಿಯಲ್ಲಿ ಸ್ಟೋರೇಜ್ ಕೆಲಸ ಮಾಡುವವನು. ಹಳೇಡಿಸ್ಕ್ ಸರ್ ಹೇಳಿದ್ದು ಪೂರ್ತಿ ಸರಿ. ಇನ್ನೊಂದು ಮಾತು ಸೇರಿಸುತ್ತೇನೆ. ಇಲ್ಲಿ ದುಬಾರಿಯಾದದ್ದು ಓದುವುದು. ಹಾಗಿದ್ದರೆ ಒಂದೇ ಡಾಟಾವನ್ನು ಎರಡು ಸಲ ಯಾಕೆ ಓದಬೇಕು? ಚೆಂಡೆಪೆಟ್ಟು ಅವರು ಮೊದಲು ಡಿಡಿಯಿಂದ ಇಮೇಜ್ ತೆಗೆದು, ಆಮೇಲೆ ಹಳೆ ಡಿಸ್ಕಿಗೆ ಒಮ್ಮೆ ಹ್ಯಾಶ್, ಇಮೇಜಿಗೆ ಒಮ್ಮೆ ಹ್ಯಾಶ್ ಹಾಕುತ್ತಿದ್ದಾರೆ ಅನಿಸುತ್ತದೆ. ಒಟ್ಟು ಮೂರು ಸಲ ಓದು.

ಅದರ ಬದಲು ಡಿಡಿಯಿಂದ ಹೊರಬರುವುದನ್ನು ಪೈಪಿನಲ್ಲಿ (ಒಂದು ಕಮಾಂಡಿನಿಂದ ಬಂದದ್ದನ್ನು ನೇರ ಇನ್ನೊಂದಕ್ಕೆ ಕೊಡುವ ದಾರಿ) ಟೀ ಎಂಬ ಕಮಾಂಡಿಗೆ ಕೊಡಿ. ಟೀ ಅದನ್ನು ಇಮೇಜ್ ಫೈಲಿಗೂ ಬರೆಯುತ್ತದೆ, ಮುಂದಿನ ಪೈಪಿನಲ್ಲಿ ಹ್ಯಾಶ್ ಲೆಕ್ಕ ಹಾಕುವ ಶಾ256ಸಮ್‌ಗೂ ಕೊಡುತ್ತದೆ. ಇಮೇಜ್ ಮುಗಿಯುವ ಹೊತ್ತಿಗೆ ಮೂಲ ಡಿಸ್ಕಿನ ಹ್ಯಾಶ್ ಕೈಯಲ್ಲಿರುತ್ತದೆ. ಡಿಡಿಗೆ ಬ್ಲಾಕ್ ಗಾತ್ರ 4 ಎಂಬಿ ಅಂತ ಕೊಡುವುದನ್ನು ಮರೆಯಬೇಡಿ. ಏನೂ ಹೇಳದಿದ್ದರೆ ಅದು 512 ಬೈಟ್‌ನಂತೆ ಚಿಟಿಕೆ ಚಿಟಿಕೆಯಾಗಿ ಸಾಗಿಸುತ್ತದೆ.

ಆಮೇಲೆ ಇಮೇಜನ್ನು ಒಮ್ಮೆ ಓದಿ ಹೋಲಿಸಬೇಕು. ಅದನ್ನು ಬಿಡುವ ಹಾಗಿಲ್ಲ. ಪೈಪಿನಲ್ಲಿ ಬಂದ ಹ್ಯಾಶ್ ಹೇಳುವುದು ಏನು ಓದಿದೆವು ಅಂತ. ತಟ್ಟೆಯ ಮೇಲೆ ಏನು ಬರೆಯಲ್ಪಟ್ಟಿತು ಅಂತ ಅದಕ್ಕೆ ಗೊತ್ತಿಲ್ಲ.

ಡಿಡಿರೆಸ್ಕ್ಯೂಗೆ ಈ ಉಪಾಯ ನಡೆಯುವುದಿಲ್ಲ. ಅದು ಚೆನ್ನಾಗಿರುವ ಜಾಗವನ್ನು ಮೊದಲು ಓದಿ, ಕೆಟ್ಟ ಜಾಗಕ್ಕೆ ಆಮೇಲೆ ಮತ್ತೆ ಮತ್ತೆ ಹೋಗುತ್ತದೆ. ಕೆಟ್ಟ ಡಿಸ್ಕ್ ಆದರೆ ಇಮೇಜ್ ಪೂರ್ತಿಯಾದ ಮೇಲೆ ಇಮೇಜಿಗೇ ಹ್ಯಾಶ್ ಹಾಕಿ, ಅದನ್ನೇ ಮೂಲ ಅಂತ ಇಟ್ಟುಕೊಳ್ಳಿ. ಸಾಯುತ್ತಿರುವ ಡಿಸ್ಕನ್ನು ಹ್ಯಾಶ್‌ಗೋಸ್ಕರ ಮತ್ತೆ ಓದಿಸಬೇಡಿ.

ಚೆಂಡೆಪೆಟ್ಟು

ನಿಜ, ಮೂರು ಸಲ ಓದುತ್ತಿದ್ದೆ. ಈಗ ಟೀ ಹಾಕಿ ನೋಡಿದೆ. ಮೊದಲು ಒಂದು ಚಿಕ್ಕ 8 ಜಿಬಿ ಪೆನ್ ಡ್ರೈವಿನಲ್ಲಿ ಪರೀಕ್ಷೆ. ಇಮೇಜನ್ನು ಓದಿ ಹೋಲಿಸಲು ಕೊಟ್ಟರೆ 20 ಸೆಕೆಂಡಿನಲ್ಲಿ ಮುಗಿಯಿತು! ಹಾರ್ಡ್ ಡಿಸ್ಕಿನಿಂದ ಅಷ್ಟು ಬೇಗ ಹೇಗೆ?

ರೈನ್ ದಂಡೆ

ಹಾರ್ಡ್ ಡಿಸ್ಕನ್ನು ಅದು ಮುಟ್ಟಲೇ ಇಲ್ಲ. ಈಗತಾನೇ ಬರೆದ ಫೈಲನ್ನು ಲಿನಕ್ಸ್ ರ‍್ಯಾಮ್‌ನಲ್ಲಿ ಇಟ್ಟುಕೊಂಡಿರುತ್ತದೆ, ಅಲ್ಲಿಂದಲೇ ಓದಿಕೊಟ್ಟಿದೆ. ಹ್ಯಾಶ್ ಸರಿ ಬಂತು ಅಂದರೆ ರ‍್ಯಾಮ್‌ನಲ್ಲಿ ಇರುವುದು ಸರಿ ಇದೆ ಅಂತ ಮಾತ್ರ ಅರ್ಥ. ತುಂಬ ಜನ ಇಲ್ಲಿ ಮೋಸ ಹೋಗುತ್ತಾರೆ, ಅನುಭವ ಇರುವವರೂ ಕೂಡ. ಡ್ರೈವನ್ನು ಸರಿಯಾಗಿ ಅನ್‌ಮೌಂಟ್ ಮಾಡಿ, ಕಳಚಿ, ಮತ್ತೆ ಹಾಕಿ ಓದಿ. ಅದು ಎಲ್ಲರಿಗೂ ನೆನಪಿರುವ ದಾರಿ. ಇಲ್ಲವಾದರೆ ಡಿಡಿಗೆ ಡೈರೆಕ್ಟ್ ಎಂಬ ಫ್ಲ್ಯಾಗ್ ಕೊಟ್ಟರೆ ರ‍್ಯಾಮನ್ನು ಬದಿಗಿಟ್ಟು ನೇರ ಡಿಸ್ಕಿನಿಂದ ಓದುತ್ತದೆ.

ಬೆಳಗಾವಿ ಬಿಟ್ಸ್

ಬ್ಲೇಕ್3 ಎಂಬ ಹೊಸ ಹ್ಯಾಶ್ ವಿಧಾನದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. 2020ರ ಜನವರಿಯಲ್ಲಿ ಬಂತು. ಫೈಲನ್ನು 1024 ಬೈಟ್‌ನ ತುಂಡುಗಳಾಗಿ ಮಾಡಿ ಮರದ ಕೊಂಬೆಗಳ ಹಾಗೆ ಜೋಡಿಸುತ್ತದೆ. ತುಂಡುಗಳು ಒಂದಕ್ಕೊಂದು ಕಾಯಬೇಕಾಗಿಲ್ಲ, ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿಯುತ್ತವೆ. ಶಾ-256ರಲ್ಲಿ ಹಿಂದಿನ 64 ಬೈಟ್ ಮುಗಿಯದೆ ಮುಂದಿನದಕ್ಕೆ ಹೋಗಲು ಆಗುವುದಿಲ್ಲ. ಹಾಗಾಗಿ ಒಂದು ಫೈಲಿಗೆ ಒಂದೇ ಕೋರ್. ನನ್ನ ಎನ್‌ವಿಎಂಇ ಡ್ರೈವ್ (ತುಂಬ ವೇಗದ ಎಸ್‌ಎಸ್‌ಡಿ) ಸೆಕೆಂಡಿಗೆ 3000 ಎಂಬಿ ಓದುತ್ತದೆ. ಅಲ್ಲಿ ಶಾ-256 ನಿಜವಾಗಿಯೂ ಅಡ್ಡ ನಿಲ್ಲುತ್ತದೆ. 200 ಜಿಬಿ ವರ್ಚುವಲ್ ಮೆಷೀನ್ ಇಮೇಜ್‌ಗಳನ್ನು ದಿನಾ ಪರೀಕ್ಷೆ ಮಾಡುವವನು ನಾನು. ಬ್ಲೇಕ್3ಗೆ ಬದಲಾದ ಮೇಲೆ ಕಾಫಿ ಕುಡಿದು ಬರುವುದರೊಳಗೆ ಮುಗಿದಿರುತ್ತದೆ.

ಹಳೇಡಿಸ್ಕ್

ನಿಮ್ಮ ಕೆಲಸಕ್ಕೆ ಅದು ಸರಿಯಾದ ಆಯ್ಕೆ, ಒಪ್ಪುತ್ತೇನೆ. ಇವರಿಗೆ ಬೇಡ ಅಂತ ನನ್ನ ಅಭಿಪ್ರಾಯ. ಒಂದು, ಇವರದು ಹಾರ್ಡ್ ಡಿಸ್ಕ್. ಹಲವು ಥ್ರೆಡ್‌ಗಳು (ಒಂದೇ ಪ್ರೋಗ್ರಾಂನೊಳಗೆ ಒಟ್ಟಿಗೆ ಓಡುವ ಕೆಲಸಗಳು) ಫೈಲಿನ ಬೇರೆ ಬೇರೆ ಜಾಗದಿಂದ ಓದಲು ಹೋದರೆ ಮತ್ತೆ ಅದೇ ತಲೆ ಹಾರಾಟ. ಒಂದೇ ಥ್ರೆಡ್ ಸಾಕು ಅಂತ ಹೇಳಿ ಓಡಿಸಬೇಕಾಗುತ್ತದೆ, ಆಗ ಲಾಭವೂ ಇಲ್ಲ. ಎರಡು, ಇದು ಮುಂದಿನ ಇಪ್ಪತ್ತು ವರ್ಷ ಮನೆಯಲ್ಲಿ ಇರಬೇಕಾದ ಸಂಗ್ರಹ. ಇವರ ಮಗಳೋ ಅಳಿಯನೋ ಒಂದು ದಿನ ಪರೀಕ್ಷಿಸಬೇಕು. ಶಾ-256 ಎಲ್ಲಿ ಹೋದರೂ ಸಿಗುತ್ತದೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಇದೆ, ಪವರ್‌ಶೆಲ್‌ನಲ್ಲಿ ಗೆಟ್ ಫೈಲ್‌ಹ್ಯಾಶ್ ಇದೆ, ಮ್ಯಾಕ್‌ನಲ್ಲಿ ಶಾಸಮ್ ಇದೆ. ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ.

ಟರ್ಮಿನಲ್ ತಮ್ಮ

ನಾನು ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿ ಇಟ್ಟಿದ್ದೇನೆ. ಅಲ್ಲಿ ಶಾ-256 ಓಡಿಸಿದರೆ ಕೋರ್ 100 ಶೇಕಡಾ ಬಳಕೆ ತೋರಿಸುತ್ತದೆ, ಡಿಸ್ಕ್ ಖಾಲಿ ಕೂತಿರುತ್ತದೆ. ಇದು ಉಲ್ಟಾ ಕೇಸ್ ಅಲ್ವಾ?

ಹಳೇಡಿಸ್ಕ್

ಹೌದು, ಸರಿಯಾಗಿ ಹಿಡಿದೆ. ಪೈ 4ರ ಚಿಪ್ಪಿನಲ್ಲಿ ಶಾ ಲೆಕ್ಕಕ್ಕೆ ಬೇಕಾದ ವಿಶೇಷ ಇನ್‌ಸ್ಟ್ರಕ್ಷನ್‌ಗಳು ಇಲ್ಲ. ಪೈ 5ರಲ್ಲಿ ಇವೆ. ದೊಡ್ಡ ಕಂಪ್ಯೂಟರ್‌ಗಳಲ್ಲಿ ಎಎಂಡಿ ರೈಜನ್ 2017ರಿಂದಲೇ ಕೊಡುತ್ತಿದೆ, ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ 2019ರ ಐಸ್ ಲೇಕ್‌ನಿಂದ. ಅವು ಇದ್ದರೆ ಒಂದೇ ಕೋರ್ ಸೆಕೆಂಡಿಗೆ 1 ಜಿಬಿಗಿಂತ ಜಾಸ್ತಿ ಮಾಡುತ್ತದೆ.

ನಿನ್ನ ಪೈ 4ರಲ್ಲಿ 64 ಬಿಟ್ ಓಎಸ್ ಇದ್ದರೆ ಶಾ-512 ಹಾಕಿ ನೋಡು. ಹೆಸರಿನಲ್ಲಿ ದೊಡ್ಡದಾದರೂ ಬೇಗ ಮುಗಿಯಬಹುದು. ಶಾ-256 ಒಂದು ಸಲಕ್ಕೆ 64 ಬೈಟ್ ತೆಗೆದುಕೊಂಡು 64 ಸುತ್ತು ಮಾಡುತ್ತದೆ. ಶಾ-512 128 ಬೈಟ್ ತೆಗೆದುಕೊಂಡು 80 ಸುತ್ತು. ಡಾಟಾ ಎರಡು ಪಟ್ಟು, ಸುತ್ತು ಅಷ್ಟು ಹೆಚ್ಚಲಿಲ್ಲ.

ಮೊಹರು

ತಡವಾಗಿ ಸೇರುತ್ತಿದ್ದೇನೆ, ಕ್ಷಮಿಸಿ. ನಾನು ಡಿಜಿಟಲ್ ಸಾಕ್ಷ್ಯ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಎಂಡಿ5 ಬಗ್ಗೆ ಮೊದಲ ಪ್ರಶ್ನೆಗೆ ಯಾರೂ ಪೂರ್ತಿ ಉತ್ತರ ಕೊಟ್ಟಿಲ್ಲ. ಎಂಡಿ5ರಲ್ಲಿ ಬೇರೆ ಬೇರೆ ಎರಡು ಡಾಟಾಗೆ ಒಂದೇ ಹ್ಯಾಶ್ ಬರುವಂತೆ ಮಾಡಬಹುದು ಅಂತ 2004ರಲ್ಲೇ ತೋರಿಸಿದ್ದಾರೆ. ಶಾ-1ಕ್ಕೆ 2017ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆಯವರು ಎರಡು ಪಿಡಿಎಫ್ ಮಾಡಿ ತೋರಿಸಿದರು. ಆದರೆ ಅದು ಬೇಕಂತಲೇ ಮಾಡುವ ಮೋಸ. ಕೇಬಲ್ ಸಡಿಲ, ಸೆಕ್ಟರ್ ಕೆಟ್ಟಿತು ಎಂಬಂಥ ಆಕಸ್ಮಿಕಕ್ಕೆ ಎಂಡಿ5 ಈಗಲೂ ಧಾರಾಳ ಸಾಕು. ಹಾಗಿದ್ದರೂ ಶಾ-256 ಹಾಕಿ ಅಂತಲೇ ಹೇಳುತ್ತೇನೆ. ಹೇಗೂ ಡಿಸ್ಕಿಗೆ ಕಾಯುತ್ತಾ ಕೂತ ಸಿಪಿಯು, ಬಲವಾದದ್ದನ್ನೇ ಮಾಡಲಿ.

ನಮ್ಮಲ್ಲಿ ಎರಡನ್ನೂ ಒಂದೇ ಓದಿನಲ್ಲಿ ತೆಗೆಯುತ್ತೇವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಎಷ್ಟು, ಯಾವ ಅಲ್ಗಾರಿದಮ್ ಅಂತ ಬರೆಯಲು ಜಾಗವನ್ನೇ ಕೊಟ್ಟಿದ್ದಾರೆ. ಶಾ-1, ಶಾ-256, ಎಂಡಿ5 ಮೂರರ ಹೆಸರೂ ಅದರಲ್ಲಿದೆ.

ಇನ್ನೆರಡು ಎಚ್ಚರಿಕೆ. ಹಳೆ ಡಿಸ್ಕನ್ನು ಮೌಂಟ್ ಮಾಡಬೇಡಿ, ಅಂದರೆ ಅದರೊಳಗಿನ ಫೈಲುಗಳು ಕಾಣುವಂತೆ ತೆರೆಯಬೇಡಿ. ಬರೀ ಓದಲು ಅಂತ ಮೌಂಟ್ ಮಾಡಿದರೂ ಎಕ್ಸ್‌ಟಿ4 (ಲಿನಕ್ಸ್ ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆ) ತನ್ನ ಜರ್ನಲ್, ಅಂದರೆ ಬದಲಾವಣೆಗಳ ದಾಖಲೆ, ಸರಿಪಡಿಸಲು ಹೋಗಿ ಡಿಸ್ಕಿಗೆ ಬರೆಯಬಹುದು, ಆಮೇಲೆ ಹ್ಯಾಶ್ ಬೇರೆ ಬರುತ್ತದೆ. ಎಸ್‌ಎಸ್‌ಡಿಯಲ್ಲಂತೂ ಟ್ರಿಮ್ (ಯಾವ ಜಾಗ ಇನ್ನು ಬೇಡ ಅಂತ ಡ್ರೈವಿಗೆ ತಿಳಿಸುವ ಸೌಲಭ್ಯ) ಇರುವ ಕಾರಣ ಅಳಿಸಿದ ಜಾಗವನ್ನು ಅದೇ ಒಳಗಿಂದೊಳಗೆ ಖಾಲಿ ಮಾಡುತ್ತದೆ. ಯಾರೂ ಮುಟ್ಟದೆಯೂ ಬೆಳಗಿನ ಹ್ಯಾಶ್ ಸಂಜೆಗೆ ಬದಲಾಗಬಹುದು.

ಚೆಂಡೆಪೆಟ್ಟು

ತುಂಬ ಉಪಕಾರ ಮೇಡಂ. ಈಗ ಉಳಿದದ್ದು ಕರೆಂಟಿನ ಕಷ್ಟ. ಮಳೆ ಶುರುವಾಗಿದೆ, ನಮ್ಮಲ್ಲಿ ಎರಡು ಗಂಟೆ ನಿರಂತರ ಇರುವುದೇ ಅಪರೂಪ. ಎರಡನೇ ಗಂಟೆಯಲ್ಲಿ ಹೋದರೆ ಮತ್ತೆ ಮೊದಲಿನಿಂದ.

ಮೊಹರು

ತುಂಡು ಮಾಡಿ ಹ್ಯಾಶ್ ಹಾಕಿ. ಸಾಕ್ಷ್ಯಕ್ಕೆ ನಾವು ಬಳಸುವ ಇ01 ಎಂಬ ಬಗೆಯ ಇಮೇಜ್‌ಗಳಲ್ಲೂ ಸಾಮಾನ್ಯವಾಗಿ ಪ್ರತಿ 32 ಕೆಬಿಗೆ ಒಂದು ಚಿಕ್ಕ ಚೆಕ್‌ಸಮ್ ಇದ್ದೇ ಇರುತ್ತದೆ, ಕೊನೆಗೆ ಪೂರ್ತಿಯದಕ್ಕೆ ಒಂದು.

ರೈನ್ ದಂಡೆ

ಹೌದು, ನಾನೂ ಇದನ್ನೇ ಹೇಳಬೇಕೆಂದಿದ್ದೆ. ಇಮೇಜ್ ಫೈಲನ್ನು ಒಡೆಯುವುದು ಬೇಡ. ಅದು ಒಂದೇ ಫೈಲಾಗಿ ಇರಲಿ. ಲೆಕ್ಕ ಮಾತ್ರ 1 ಜಿಬಿ, 1 ಜಿಬಿಯಾಗಿ. ಪೈಥಾನಿನಲ್ಲಿ ಇಪ್ಪತ್ತು ಸಾಲು ಸಾಕು. ಫೈಲ್ ತೆರೆದು 4 ಎಂಬಿಯಂತೆ ಓದುತ್ತಾ ಹ್ಯಾಶ್‌ಗೆ ಕೊಡುತ್ತಾ ಹೋಗಿ. ಇಡೀ ಫೈಲನ್ನು ಒಂದೇ ಸಲ ಓದಿಸಲು ಹೋದರೆ ರ‍್ಯಾಮ್ ತುಂಬಿ ಕಂಪ್ಯೂಟರ್ ನಿಲ್ಲುತ್ತದೆ. 1 ಜಿಬಿ ಆದ ಕೂಡಲೇ ತುಂಡಿನ ನಂಬರ್ ಮತ್ತು ಹ್ಯಾಶ್ ಒಂದು ಟೆಕ್ಸ್ಟ್ ಫೈಲಿಗೆ ಬರೆದು, ಅದು ಡಿಸ್ಕಿಗೆ ಹೋಯಿತು ಅಂತ ಖಾತ್ರಿ ಮಾಡಿ, ಹೊಸ ಹ್ಯಾಶ್ ಶುರು ಮಾಡಿ. ಕರೆಂಟ್ ಹೋಗಿ ಬಂದರೆ ಕೊನೆಯ ಸಾಲು ನೋಡಿ ಅಲ್ಲಿಂದ ಮುಂದುವರಿಸುವುದು. ನಿಮ್ಮ ವೇಗಕ್ಕೆ ಒಂದು ತುಂಡಿಗೆ ಹತ್ತು ಸೆಕೆಂಡ್. ಕಳೆದುಕೊಂಡರೆ ಅಷ್ಟೇ.

ಪೂರ್ತಿ ಫೈಲಿನ ಒಂದೇ ಹ್ಯಾಶ್ ಅನ್ನು ಹೀಗೆ ನಿಲ್ಲಿಸಿ ಮುಂದುವರಿಸಲು ಪೈಥಾನಿನ ಹ್ಯಾಶ್‌ಲಿಬ್ ಬಿಡುವುದಿಲ್ಲ, ಅರ್ಧ ಆದ ಸ್ಥಿತಿಯನ್ನು ಸೇವ್ ಮಾಡಲು ಆಗದು. ಅದಕ್ಕೇ ತುಂಡು.

1 ಟಿಬಿ ಡಿಸ್ಕಿನಲ್ಲಿ ಸಾಮಾನ್ಯವಾಗಿ 1,000,204,886,016 ಬೈಟ್ ಇರುತ್ತದೆ. 1024ರ ಲೆಕ್ಕದಲ್ಲಿ 932 ತುಂಡು, ಕೊನೆಯದು ಅರ್ಧ. 932 ಸಾಲಿನ ಪಟ್ಟಿ 70 ಕೆಬಿಯೂ ಆಗದು. ಆ ಪಟ್ಟಿಗೆ ಮತ್ತೆ ಒಂದು ಶಾ-256 ಹಾಕಿ, ಅದೇ ಆ ಡಿಸ್ಕಿನ ಗುರುತು. ಆದರೆ ನೆನಪಿಡಿ, ಇದು ಇಡೀ ಫೈಲಿಗೆ ಶಾ256ಸಮ್ ಕೊಡುವ ಉತ್ತರ ಅಲ್ಲ, ಬೇರೆಯೇ ಸಂಖ್ಯೆ. ಪಟ್ಟಿಯ ಮೇಲೆಯೇ "1 ಜಿಬಿ ತುಂಡು" ಅಂತ ಬರೆದಿಡಿ.

ಬೆಳಗಾವಿ ಬಿಟ್ಸ್

ಇದೇ ಗೊಂದಲ ಅಮೆಜಾನಿನ ಕ್ಲೌಡ್ ಸ್ಟೋರೇಜ್ ಎಸ್3ಯಲ್ಲೂ ಆಗುತ್ತದೆ. ದೊಡ್ಡ ಫೈಲ್ ತುಂಡು ತುಂಡಾಗಿ ಏರಿಸಿದರೆ ಅವರು ಕೊಡುವ ಇಟ್ಯಾಗ್ ಎಂಬ ಗುರುತು ಫೈಲಿನ ಎಂಡಿ5 ಅಲ್ಲ. ಕೊನೆಯಲ್ಲಿ ಒಂದು ಅಡ್ಡಗೆರೆ, ಆಮೇಲೆ ತುಂಡುಗಳ ಸಂಖ್ಯೆ ಇರುತ್ತದೆ. ನನ್ನ ಗೆಳೆಯ ಎರಡು ದಿನ ಅದನ್ನು ಹೋಲಿಸಿ ಫೈಲ್ ಕೆಟ್ಟಿದೆ ಅಂದುಕೊಂಡು ಮತ್ತೆ ಮತ್ತೆ ಏರಿಸುತ್ತಿದ್ದ.

ಚೆಂಡೆಪೆಟ್ಟು

ಮೂರು ವಾರ ಆಯಿತು, ವರದಿ ಕೊಡುತ್ತೇನೆ. ಏಳೂ ಡಿಸ್ಕ್ ಇಮೇಜ್ ಆಯಿತು. ಒಂದು 500 ಜಿಬಿಗೆ ಮಾತ್ರ ಡಿಡಿರೆಸ್ಕ್ಯೂ ಬೇಕಾಯಿತು. ಕರೆಂಟ್ ಹೋಗಿದ್ದು ಲೆಕ್ಕವಿಲ್ಲ, ಆದರೆ ಒಮ್ಮೆಯೂ ಮೊದಲಿನಿಂದ ಶುರು ಮಾಡಲಿಲ್ಲ. ಅದೇ ದೊಡ್ಡ ನೆಮ್ಮದಿ.

ಈಗ ಒಂದು ಸಮಸ್ಯೆ. ಎರಡನೇ ಕಾಪಿಯಲ್ಲಿ ಒಂದು 1 ಟಿಬಿ ಇಮೇಜಿನ 613ನೇ ತುಂಡು ತಾಳೆ ಆಗುತ್ತಿಲ್ಲ. ಉಳಿದ 931 ಸರಿ ಇವೆ.

ಮೊಹರು

ಆ ಒಂದು ತುಂಡನ್ನು ಮೂರು ಸಲ ಓದಿ ಹ್ಯಾಶ್ ಹಾಕಿ, ಪ್ರತಿ ಸಲವೂ ಡ್ರೈವ್ ಕಳಚಿ ಹಾಕಿ. ಮೂರು ಸಲವೂ ಒಂದೇ ತಪ್ಪು ಸಂಖ್ಯೆ ಬಂದರೆ ಬರೆಯುವಾಗಲೇ ತಪ್ಪು ಆಗಿದೆ, ಅದು ಡಿಸ್ಕಿನ ಮೇಲೆ ಹಾಗೆಯೇ ಕೂತಿದೆ. ಪ್ರತಿ ಸಲ ಬೇರೆ ಬೇರೆ ಬಂದರೆ ಓದುವಾಗ ಆಗುತ್ತಿರುವ ತಪ್ಪು. ಆಗ ಕೇಬಲ್ ಬದಲಿಸಿ, ರ‍್ಯಾಮಿಗೆ ಮೆಮ್‌ಟೆಸ್ಟ್ ಒಂದು ರಾತ್ರಿ ಓಡಿಸಿ. ರ‍್ಯಾಮ್ ಕೆಟ್ಟಿದ್ದರೆ ನೀವು ಮಾಡಿದ ಯಾವ ಹ್ಯಾಶನ್ನೂ ನಂಬುವಂತಿಲ್ಲ.

ಚೆಂಡೆಪೆಟ್ಟು

ಮೂರು ಸಲವೂ ಒಂದೇ ಸಂಖ್ಯೆ. ಮೊದಲ ಕಾಪಿಯಲ್ಲಿ ಅದೇ ತುಂಡು ಸರಿ ಇದೆ. ಅಲ್ಲಿಂದ ಆ 1 ಜಿಬಿ ಮಾತ್ರ ತಂದು ಇಲ್ಲಿ ಕೂರಿಸಬಹುದಾ? ಇಡೀ 1 ಟಿಬಿ ಮತ್ತೆ ಬೇಡ ಅಂತ.

ಹಳೇಡಿಸ್ಕ್

ಧಾರಾಳವಾಗಿ. ಡಿಡಿಯಲ್ಲಿ ಓದುವ ಕಡೆ ಸ್ಕಿಪ್, ಬರೆಯುವ ಕಡೆ ಸೀಕ್, ಎರಡಕ್ಕೂ ಒಂದೇ ಸಂಖ್ಯೆ. ಎಣಿಕೆ ಸೊನ್ನೆಯಿಂದಲೋ ಒಂದರಿಂದಲೋ ಅಂತ ನಿಮ್ಮ ಪಟ್ಟಿ ನೋಡಿ. ಒಂದರಿಂದ ಆದರೆ 612 ಜಿಬಿ ದಾಟಿ ಹೋಗಬೇಕು. ಮತ್ತೆ ಇದೊಂದು ಎರಡು ಸಲ ಓದಿ: ನೋಟ್ರಂಕ್ ಎಂಬ ಆಯ್ಕೆಯನ್ನು ಕೊಡಲೇಬೇಕು. ಕೊಡದಿದ್ದರೆ ಡಿಡಿ ಆ ಜಾಗದಿಂದ ಮುಂದಿನ ಇಡೀ ಫೈಲನ್ನು ಕತ್ತರಿಸಿ ಬಿಸಾಡುತ್ತದೆ, 300 ಜಿಬಿ ಹೋಗುತ್ತದೆ. ಎಂಟರ್ ಒತ್ತುವ ಮೊದಲು ಯಾವ ಫೈಲ್ ಒಳಗೆ, ಯಾವುದು ಹೊರಗೆ ಅಂತ ಬೆರಳಿಟ್ಟು ಓದಿ.

ಚೆಂಡೆಪೆಟ್ಟು

ಬೆರಳಿಟ್ಟೇ ಓದಿದೆ ಸರ್. ಆಯಿತು. ಡ್ರೈವ್ ಕಳಚಿ ಹಾಕಿ 932 ತುಂಡೂ ಮತ್ತೆ ಓಡಿಸಿದೆ, ಎಲ್ಲ ತಾಳೆ ಆಗಿವೆ. ಆ 613ನೇ ತುಂಡಿನಲ್ಲಿ ಏನಿತ್ತು ಅಂತ ಸರಿಯಾದ ಕಾಪಿಯಿಂದ ತೆಗೆದು ನೋಡಿದೆ. ಒಂದು ಆಟದ ಬೆಳಗಿನ ಜಾವದ ನಾಲ್ಕು ನಿಮಿಷ. ಚೆಂಡೆಯ ನಡುವೆ ಕ್ಯಾಮೆರಾದ ಹಿಂದೆ ಮಾವ ಕೆಮ್ಮುವುದು ಕೇಳಿಸುತ್ತದೆ.

ಏಳು ಪಟ್ಟಿಗಳ ಏಳು ಹ್ಯಾಶ್‌ಗಳನ್ನು ಒಂದು ಹಾಳೆಯಲ್ಲಿ ಪ್ರಿಂಟ್ ಹಾಕಿ ಅದೇ ಬಿಸ್ಕೆಟ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ಎರಡನೇ ಕಾಪಿ ಮಂಗಳೂರಿನಲ್ಲಿ ಅಕ್ಕನ ಮನೆಗೆ ಹೋಯಿತು. ಪ್ರತಿ ವರ್ಷ ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಎರಡೂ ಕಡೆ ಒಮ್ಮೆ ಪೂರ್ತಿ ಓಡಿಸುವುದು ಅಂತ ಅಕ್ಕನೂ ನಾನೂ ಮಾತಾಡಿಕೊಂಡಿದ್ದೇವೆ. ಸ್ಕ್ರಿಪ್ಟ್ ಬೇಕಾದವರು ಕೇಳಿ, ಕೊಡುತ್ತೇನೆ.